ಮನೆ ತಂಪಾಗಿಸುವ ವೆಚ್ಚ: ಛಾವಣಿ ಮೊದಲು, ಯಂತ್ರ ಆಮೇಲೆ

ಹವಾನಿಯಂತ್ರಕವು ಬಹುಕಾಲ ನಗರದ ಸರಕಾಗಿತ್ತು. ಗ್ರಾಮಾಂತರ ಪೇಟೆಗಳಲ್ಲಿ ಬ್ಯಾಂಕ್ ವ್ಯವಸ್ಥಾಪಕರ ಕೊಠಡಿ, ಆಸ್ಪತ್ರೆಯ ಶಸ್ತ್ರಕ್ರಿಯಾ ಕೊಠಡಿ, ಅಪರೂಪಕ್ಕೊಂದು ವಸತಿಗೃಹ, ಇಷ್ಟಕ್ಕೆ ಅದರ ವ್ಯಾಪ್ತಿ ಮುಗಿಯುತ್ತಿತ್ತು. ಇಂದು ಆ ಸ್ಥಿತಿ ಉಳಿದಿಲ್ಲ. ಕುಂದಾಪುರದಿಂದ ಹೊಸಂಗಡಿಯ ಕಡೆಗೆ ಘಟ್ಟ ಹತ್ತುವ ಮಾರ್ಗದಲ್ಲಿರುವ ಸಿದ್ದಾಪುರದಂತಹ ಪೇಟೆಯಲ್ಲಿಯೂ ಬೇಸಗೆ ಬಂತೆಂದರೆ ಎ.ಸಿ. ಕೊಳ್ಳುವ ಮಾತು ಸಾಮಾನ್ಯ ಗೃಹಸ್ಥನ ಮನೆಯಲ್ಲಿ ಬರುತ್ತದೆ. ಉತ್ತರ ಕನ್ನಡದ ಸಿದ್ದಾಪುರದೊಂದಿಗೆ ಈ ಊರಿನ ಹೆಸರು ಸದಾ ಗೊಂದಲಕ್ಕೆ ಸಿಲುಕುತ್ತದೆ. ಇಲ್ಲಿ ಹೇಳುತ್ತಿರುವುದು ಉಡುಪಿ ಜಿಲ್ಲೆಯ ಸಿದ್ದಾಪುರದ ವಿಷಯ. ಅಡಿಕೆ ತೋಟ, ಗೇರು ಗುಡ್ಡ, ಕಾಡಿನ ಅಂಚು ಇವುಗಳ ನಡುವಿನ ಈ ಊರಿಗೆ ಯಂತ್ರದ ತಂಪು ಬೇಕಾಗಿ ಬಂದುದು ಏಕೆ ಎಂಬ ಪ್ರಶ್ನೆಯನ್ನು ವರ್ತಕರೂ ಗ್ರಾಹಕರೂ ಕೇಳಿಕೊಳ್ಳುವ ಕಾಲ ಬಂದಿದೆ.

ಬಿಸಿಲು ಹೆಚ್ಚಿದೆ ಎಂಬುದು ಸುಳ್ಳಲ್ಲ. ಕರಾವಳಿಯಲ್ಲಿ ಗರಿಷ್ಠ ಉಷ್ಣಾಂಶ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಮೇಲಿದ್ದರೆ ಹವಾಮಾನ ಇಲಾಖೆ ಅದನ್ನು ಶಾಖದ ಅಲೆ ಎಂದು ಪರಿಗಣಿಸುತ್ತದೆ. 2025ರಲ್ಲಿ ಫೆಬ್ರವರಿ ತಿಂಗಳ ಕೊನೆಗೇ ಕರಾವಳಿ ಕರ್ನಾಟಕಕ್ಕೆ ಅಂತಹ ಮುನ್ನೆಚ್ಚರಿಕೆ ಹೊರಬಿದ್ದಿತು. ಆದರೆ ಹೊರಗಿನ ಬಿಸಿಲು ಏರಿದ್ದಕ್ಕಿಂತ ಹೆಚ್ಚು ವೇಗವಾಗಿ ಬದಲಾದುದು ಮನೆಯ ರಚನೆ. ಮುರಕಲ್ಲಿನ ಗೋಡೆ, ಎತ್ತರದ ಮಾಡು, ಹೆಂಚು, ಅದರ ಕೆಳಗೆ ಮರದ ಅಟ್ಟ, ಮುಂದೆ ಜಗಲಿ, ಬೇಸಗೆಯಲ್ಲಿ ಅಂಗಳಕ್ಕೆ ಸೋಗೆಯ ಚಪ್ಪರ ಇದ್ದ ಕಡೆ ಹತ್ತು ಅಡಿ ಎತ್ತರದ ಆರ್‌ಸಿಸಿ ಪೆಟ್ಟಿಗೆಗಳು ಎದ್ದಿವೆ. ಕಾಂಕ್ರೀಟ್ ತಾರಸಿಯು ಹಗಲೆಲ್ಲ ಬಿಸಿಲನ್ನು ಕುಡಿದು ಸಂಜೆ ಏಳರಿಂದ ರಾತ್ರಿ ಹನ್ನೊಂದರವರೆಗೆ, ಅಂದರೆ ಮನೆಮಂದಿಯೆಲ್ಲ ಒಳಗಿರುವ ಹೊತ್ತಿಗೆ ಸರಿಯಾಗಿ, ಅದನ್ನು ಕೆಳಗೆ ಕಕ್ಕುತ್ತದೆ. ಆ ಶಾಖವನ್ನು ಹೊರಹಾಕಲು ಯಂತ್ರ ತರುವುದೆಂದರೆ ತೂತು ಬಿದ್ದ ಕೊಡಕ್ಕೆ ಪಂಪ್ ಜೋಡಿಸಿದ ಹಾಗೆ.

ಇದರ ಅರ್ಥ ಎ.ಸಿ. ವಿಲಾಸದ ವಸ್ತು, ಹಳ್ಳಿಯವರಿಗೆ ಅದೇಕೆ ಎಂಬ ಮಾತಲ್ಲ. ಹಾಸಿಗೆ ಹಿಡಿದ ವೃದ್ಧರು, ಎಳೆಯ ಮಕ್ಕಳು, ಹೃದಯದ ಕಾಯಿಲೆಯವರು ಇರುವ ಮನೆಯಲ್ಲಿ ಏಪ್ರಿಲ್–ಮೇ ರಾತ್ರಿಗಳಲ್ಲಿ ಅದು ಔಷಧಿಗೆ ಸಮ. ಪ್ರಶ್ನೆ ಇರುವುದು ಕ್ರಮದ ಬಗ್ಗೆ. ಯಾವುದಕ್ಕೆ ಮೊದಲು ಹಣ ಹಾಕಬೇಕು, ಯಾವುದಕ್ಕೆ ಆಮೇಲೆ ಎಂಬುದನ್ನು ಲೆಕ್ಕ ಮಾಡದೆ ಕೊಂಡಾಗ ನಷ್ಟ ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು ನೋಡಬೇಕಾಗಿದೆ.

ಶೂನ್ಯ ಬಿಲ್ಲಿನ ಅಂಚು

ಕರ್ನಾಟಕದಲ್ಲಿ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಸ್ವರೂಪ ಎಲ್ಲರಿಗೂ ತಿಳಿದದ್ದೇ. 2022–23ರ ಮಾಸಿಕ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಬಂದಷ್ಟು ಯೂನಿಟ್ ಉಚಿತ. ಆ ಮಿತಿ ಮೀರಿ 200ರ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿಯಾಗಿ ಗ್ರಾಹಕನ ಮೇಲೆ. ಈ ಕೊನೆಯ ನಿಯಮದ ಆರ್ಥಿಕ ಪರಿಣಾಮವನ್ನು ಎ.ಸಿ. ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲ ಬಿಲ್ಲು ಕೈಗೆ ಬಂದ ಮೇಲೆಯೇ ಅರಿಯುತ್ತಾರೆ.

ಉದಾಹರಣೆಗೆ ಒಂದು ಸಾಧಾರಣ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಸರಾಸರಿ ಬಳಕೆ 120 ಯೂನಿಟ್. ಉಚಿತದ ಮಿತಿ 132. ಬಿಲ್ಲು ಸೊನ್ನೆ. ಬೇಸಗೆಯಲ್ಲಿ ಮೇಲಂತಸ್ತಿನ ಮಲಗುವ ಕೋಣೆಗೆ ಒಂದೂವರೆ ಟನ್ನಿನ ಎ.ಸಿ. ಬಂತು. ಬಿಸಿ ತಾರಸಿಯ ಕೆಳಗೆ ಗಂಟೆಗೆ 0.8 ಯೂನಿಟ್ ಎಂದು ಹಿಡಿದರೆ ರಾತ್ರಿ ಎಂಟು ಗಂಟೆಯಂತೆ ತಿಂಗಳಿಗೆ 192 ಯೂನಿಟ್. ಒಟ್ಟು 312. ನಿಗದಿತ ಶುಲ್ಕ, ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ ಯೂನಿಟ್‌ಗೆ 7 ರೂ. ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡರೆ ಬಿಲ್ಲು 2,184 ರೂ. ಬಳಕೆ ಹೆಚ್ಚಿದ್ದು 192 ಯೂನಿಟ್, ಕೈಬಿಟ್ಟ ಹಣ 2,184 ರೂ. ಅಂದರೆ ಎ.ಸಿ. ಉರಿಸಿದ ಪ್ರತಿ ಯೂನಿಟ್‌ಗೆ ಆ ಗೃಹಸ್ಥ ತೆತ್ತದ್ದು 7 ರೂಪಾಯಿಯಲ್ಲ, 11 ರೂಪಾಯಿಗೂ ಮೇಲೆ. ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕಾಗಿ ಬಂದರೆ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕವೂ ಏರುತ್ತದೆ.

ಈಗ ಅದೇ ಮನೆ ಬೇರೆ ಕ್ರಮದಲ್ಲಿ ಹೋಯಿತು ಎಂದುಕೊಳ್ಳಬೇಕು. ಮೂರು ಫ್ಯಾನುಗಳು ದಿನಕ್ಕೆ ತಲಾ ಹತ್ತು ಗಂಟೆ ತಿರುಗುತ್ತವೆ. ಹಳೆಯ 75 ವ್ಯಾಟ್ ಫ್ಯಾನುಗಳಾದರೆ ಮೂರಕ್ಕೂ ಸೇರಿ ತಿಂಗಳಿಗೆ ಸುಮಾರು 67 ಯೂನಿಟ್. 30 ವ್ಯಾಟ್ಟಿನ ಬಿಎಲ್‌ಡಿಸಿ ಫ್ಯಾನುಗಳಾದರೆ 27. ಉಳಿತಾಯ 40 ಯೂನಿಟ್. ಮನೆಯ ಬಳಕೆ 80ಕ್ಕೆ ಇಳಿಯಿತು. ತಾರಸಿಯ ಮೇಲೆ ನೆರಳು ಮಾಡಿದ್ದರಿಂದ ಎ.ಸಿ.ಗೆ ಗಂಟೆಗೆ 0.7 ಯೂನಿಟ್ ಸಾಕಾಯಿತು, ಮಲಗುವ ಹೊತ್ತಿನ ನಾಲ್ಕು ಗಂಟೆ ನಡೆಸಿ ಆಮೇಲೆ ಫ್ಯಾನಿಗೆ ಬಿಡಲು ಸಾಧ್ಯವಾಯಿತು. ಅದಕ್ಕೆ 84 ಯೂನಿಟ್. ಒಟ್ಟು 164; ಉಚಿತದ ಮಿತಿ ಮೀರಿದ್ದು 32 ಯೂನಿಟ್; ತೆರಬೇಕಾದುದು 224 ರೂ. ಒಂದೇ ಮನೆ, ಒಂದೇ ಯಂತ್ರ, ಅದೇ ಬೇಸಗೆ. ಬಿಲ್ಲಿನ ವ್ಯತ್ಯಾಸ ತಿಂಗಳಿಗೆ 1,960 ರೂ. ಸಂಖ್ಯೆಗಳನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಮೀಟರಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು, ಲೆಕ್ಕದ ದಾರಿ ಬದಲಾಗದು.

ಇದೇ ಯೋಜನೆಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಲೆಕ್ಕ ಅರ್ಧವಾಗುತ್ತದೆ. ಬಿಲ್ಲು ಸೊನ್ನೆ ಬರುವ ಮನೆಯಲ್ಲಿ ಯೂನಿಟ್ ಉಳಿಸಿದರೆ ರೂಪಾಯಿ ಉಳಿಯುವುದಿಲ್ಲ. ಎರಡು ಪಟ್ಟು ಬೆಲೆಯ ಫ್ಯಾನನ್ನು ಆತ ಏಕೆ ಕೊಳ್ಳಬೇಕು? ಫ್ಯಾನುಗಳಿಗೆ 2023ರ ಜನವರಿ 1ರಿಂದ ನಕ್ಷತ್ರ ಚೀಟಿ ಕಡ್ಡಾಯವಾದರೂ ಸಣ್ಣ ಪೇಟೆಗಳಲ್ಲಿ ಗ್ರಾಹಕ ಮೊದಲು ಕೇಳುವುದು ಬೆಲೆಯನ್ನೇ. ಎ.ಸಿ. ಬಂದು 200ರ ಗಡಿ ಹತ್ತಿರವಾದಾಗ ಮಾತ್ರ ಆ 40 ಯೂನಿಟ್‌ಗೆ ಬೆಲೆ ಬರುತ್ತದೆ. ಸರ್ಕಾರ ಉಚಿತ ಯೂನಿಟ್‌ಗಳಿಗೆ ಕೊಡುವ ಸಹಾಯಧನದಲ್ಲಿ ಒಂದು ಪಾಲನ್ನು ಇಂತಹ ಫ್ಯಾನುಗಳಿಗೆ ಒಮ್ಮೆ ಕೊಟ್ಟುಬಿಟ್ಟರೆ ವರ್ಷಗಳ ಕಾಲ ಅದರ ಹೊರೆಯೇ ಇಳಿಯುತ್ತದೆ. ಇದನ್ನು ವಾಣಿಜ್ಯ ಮಂಡಳಿಗಳು ಮೆಸ್ಕಾಂ ಮತ್ತು ಇಂಧನ ಇಲಾಖೆಯ ಮುಂದೆ ಇಡುವುದು ಅಗತ್ಯ.

ಸಿದ್ದಾಪುರಕ್ಕೆ ಸಮೀಪದ ಹೊಸಂಗಡಿಯಲ್ಲಿಯೇ ವಾರಾಹಿಯ ಭೂಗರ್ಭ ವಿದ್ಯುದಾಗಾರವಿದೆ. 115 ಮೆಗಾವ್ಯಾಟ್‌ನ ನಾಲ್ಕು ಘಟಕಗಳು. ಮೊದಲೆರಡು 1989–90ರ ಹೊತ್ತಿಗೆ, ಮತ್ತೆರಡು 2009ರಲ್ಲಿ ಆರಂಭವಾದವು. ಘಟ್ಟದಿಂದ ಧುಮುಕುವ ನೀರಿನ ಈ ವಿದ್ಯುತ್ತು ರಾಜ್ಯದ ಸಂಜೆಯ ಗರಿಷ್ಠ ಬೇಡಿಕೆಯನ್ನು ನಿಭಾಯಿಸಲು ಬಹಳ ಬೆಲೆಯುಳ್ಳದ್ದು. ಹೀಗಿದ್ದರೂ ವಿದ್ಯುದಾಗಾರದ ನೆರೆಯವರಿಗೆ ವಿಶೇಷ ಲಾಭವೇನೂ ಇಲ್ಲ. ಗ್ರಾಮಾಂತರ ಮಾರ್ಗಗಳ ತುದಿಯ ಮನೆಗಳಿಗೆ ವೋಲ್ಟೇಜ್ ಕೊರತೆ ಹೊಸತಲ್ಲ. ಒಂದು ಪರಿವರ್ತಕದ ಮೇಲೆ ಹತ್ತು ಎ.ಸಿ.ಗಳು ರಾತ್ರಿ ಹತ್ತಕ್ಕೆ ಒಟ್ಟಾಗಿ ಆರಂಭವಾದರೆ ಹನ್ನೊಂದನೆಯ ಮನೆಯ ಫ್ಯಾನು ನಿಧಾನವಾಗುತ್ತದೆ.

ಛಾವಣಿಯ ವಿಷಯ

ಹೆಂಚಿನ ಉದ್ಯಮಕ್ಕೆ ಈ ಕರಾವಳಿಯೇ ತವರು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ನಂತರ ನದೀತೀರದ ಜೇಡಿಮಣ್ಣು ಸಮುದ್ರ ದಾಟಿ ಮಾರುಕಟ್ಟೆ ಕಂಡಿತು. ಕುಂದಾಪುರದ ಪರಿಸರದಲ್ಲಿಯೂ ಹೆಂಚಿನ ಕಾರ್ಖಾನೆಗಳು ಎಷ್ಟೋ ಕುಟುಂಬಗಳಿಗೆ ಅನ್ನ ಕೊಟ್ಟವು. ಹೆಂಚಿನ ಗುಣ ಅದರ ಮಣ್ಣಿನಲ್ಲಿ ಮಾತ್ರ ಇಲ್ಲ, ಜೋಡಣೆಯಲ್ಲಿದೆ. ಹೆಂಚು ಹೆಂಚಿನ ನಡುವಿನ ಸಂದುಗಳಿಂದ ಬಿಸಿಗಾಳಿ ಮೇಲಕ್ಕೆ ಹೊರಹೋಗುತ್ತದೆ. ತೆಳುವಾದುದರಿಂದ ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ತಣಿಯುತ್ತದೆ. ಕೆಳಗೆ ಅಟ್ಟವಿದ್ದರೆ ಹಗಲಿನ ಕಾವು ನೆಲದವರೆಗೆ ಇಳಿಯುವುದೇ ಇಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಉಳಿಸಿಟ್ಟ ಹಳೆಯ ಮನೆಗಳೊಳಗೆ ಮೇ ತಿಂಗಳ ಮಧ್ಯಾಹ್ನ ಹೊಕ್ಕವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಎಲ್ಲರೂ ಹೆಂಚಿನ ಮನೆಗೆ ಮರಳಲಿ ಎಂದು ಉಪದೇಶಿಸುವುದು ಸುಲಭ. ಹೆಂಚಿನ ಮಾಡು ಕೈಯಾಡಿಸುವ ಆಳು, ಪಕಾಸು–ರೀಪಿಗೆ ಮರ, ಮಂಗಗಳ ಹಾವಳಿ ಇವುಗಳ ಖರ್ಚನ್ನು ಉಪದೇಶಕರು ಕೊಡುವುದಿಲ್ಲ. ಮಳೆಗಾಲಕ್ಕೆ ಮೊದಲು ಪ್ರತಿವರ್ಷ ಹೆಂಚು ಸರಿಪಡಿಸುವ ಕೆಲಸಕ್ಕೆ ಜನ ಸಿಗದೆ ತಾರಸಿಗೆ ಹೋದವರೇ ಹೆಚ್ಚು. ಅವರನ್ನು ದೂರಿ ಪ್ರಯೋಜನವಿಲ್ಲ.

ಕುತೂಹಲದ ಸಂಗತಿಯೆಂದರೆ ಜನರೇ ಇದಕ್ಕೊಂದು ಉತ್ತರವನ್ನು ಕಂಡುಕೊಂಡಿದ್ದಾರೆ. ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ತಾರಸಿ ಸೋರದಿರಲೆಂದು ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸುವ ಪದ್ಧತಿ ಊರೂರಲ್ಲಿ ಕಾಣುತ್ತದೆ. ಅಡಿಕೆ ಒಣಗಿಸಲು, ಬಟ್ಟೆ ಹರವಲು, ಮದುವೆಗೆ ಊಟ ಬಡಿಸಲು ಅದು ಒದಗುತ್ತದೆ. ಮಳೆಗಾಗಿ ಮಾಡಿದ ಈ ಏರ್ಪಾಡು ಬಿಸಿಲಿಗೆ ಅದಕ್ಕಿಂತ ದೊಡ್ಡ ಉಪಕಾರ ಮಾಡುತ್ತದೆ ಎಂಬುದನ್ನು ಕಡಿಮೆ ಜನ ಲೆಕ್ಕಕ್ಕೆ ಹಿಡಿಯುತ್ತಾರೆ. ಬಿಸಿಲು ಕಾಂಕ್ರೀಟಿಗೆ ತಾಗುವುದೇ ಇಲ್ಲ. ನಡುವಿನ ಗಾಳಿ ಹರಿದು ಹೋಗುತ್ತದೆ. ಒಂದೇ ಷರತ್ತು: ನಾಲ್ಕೂ ಬದಿ ತೆರೆದಿರಬೇಕು. ಸಾಮಾನು ತುಂಬಲೆಂದು ಸುತ್ತಲೂ ಶೀಟು ಬಡಿದು ಮುಚ್ಚಿದರೆ ಮನೆಯ ತಲೆಯ ಮೇಲೆ ಒಂದು ಭಟ್ಟಿ ಕಟ್ಟಿಕೊಂಡಂತೆ. ತಿಳಿಬಣ್ಣದ ಶೀಟು, ತುದಿಯಲ್ಲಿ ಗಾಳಿ ಹೊರಹೋಗಲು ಕಿಂಡಿ, ಸಾಧ್ಯವಿದ್ದರೆ ಶೀಟಿನ ಬದಲು ಅದೇ ಕಬ್ಬಿಣದ ಚೌಕಟ್ಟಿನ ಮೇಲೆ ಹೆಂಚು, ಇಷ್ಟನ್ನು ವೆಲ್ಡಿಂಗ್ ಕೆಲಸದವರು ಗ್ರಾಹಕನಿಗೆ ಹೇಳಿದರೆ ಸಾಕು.

ಬಿಳಿ ಬಣ್ಣದ ಮಾತೂ ಈಚೆಗೆ ಕೇಳಿಬರುತ್ತಿದೆ. ಅಹಮದಾಬಾದಿನಲ್ಲಿ ಬಡವರ ಮನೆಗಳ ಮೇಲೆ ಬಿಳಿ ಬಳಿದರು. ತೆಲಂಗಾಣ 2023ರಲ್ಲಿ ತಂಪು ಛಾವಣಿ ನೀತಿಯನ್ನೇ ಹೊರಡಿಸಿತು. ಒಣ ಹವೆಯ ಊರಿಗೆ ಅದು ಅಗ್ಗದ ಮದ್ದು. ಸಿದ್ದಾಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ತಾರಸಿಯ ಮೇಲೆ ಪಾಚಿ ಬೆಳೆದು ದೀಪಾವಳಿ ಹೊತ್ತಿಗೆ ಬಿಳಿಯೆಲ್ಲ ಕಪ್ಪಾಗಿರುತ್ತದೆ. ಡಿಸೆಂಬರಿನಲ್ಲಿ ತಿಕ್ಕಿ ತೊಳೆದು ಪ್ರತಿವರ್ಷ ಬಳಿಯುವ ಶಿಸ್ತುಳ್ಳವರಿಗೆ ಮಾತ್ರ ಅದು ಸರಿ.

ಇದೇ ರೀತಿ ಇಲ್ಲಿಗೆ ಒಗ್ಗದ ಇನ್ನೊಂದು ವಸ್ತು ನೀರಿನ ಏರ್ ಕೂಲರ್. ಕಲಬುರಗಿ, ಬಳ್ಳಾರಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿನ ಗಾಳಿ ಒಣಗಿದ್ದು ನೀರನ್ನು ಹೀರುತ್ತದೆ. ಕರಾವಳಿಯ ಗಾಳಿ ಮೊದಲೇ ತೇವದಿಂದ ತುಂಬಿದೆ. ಅದಕ್ಕೆ ಮತ್ತಷ್ಟು ನೀರು ಕುಡಿಸಿದರೆ ಬೆವರು ಆರುವುದು ನಿಲ್ಲುತ್ತದೆ. ರಿಯಾಯಿತಿ ಮಾರಾಟದ ಹೆಸರಿನಲ್ಲಿ ಇದನ್ನು ಇಲ್ಲಿನ ಗ್ರಾಹಕರಿಗೆ ದಾಟಿಸುವುದು ಒಳ್ಳೆಯ ವ್ಯಾಪಾರವಲ್ಲ. ತೇವದ ಹವೆಯಲ್ಲಿ ಮೈಗೆ ಹಿತ ಕೊಡುವುದು ಚಲಿಸುವ ಗಾಳಿ. ಒಳ್ಳೆಯ ಫ್ಯಾನು ಎರಡು ಮೂರು ಡಿಗ್ರಿ ಕಡಿಮೆಯಾದ ಅನುಭವ ತರುತ್ತದೆ. ಎ.ಸಿ. ಇದ್ದರೂ ಅದನ್ನು 26–27ಕ್ಕೆ ಇಟ್ಟು ಫ್ಯಾನು ಹಾಕಿದರೆ ಸಾಕಾಗುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತ ಬಂದಿದೆ. 2020ರ ಜನವರಿಯಿಂದ ಎ.ಸಿ.ಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರಬೇಕೆಂಬ ನಿಯಮ ಬಂದುದು ಇದೇ ಕಾರಣಕ್ಕೆ. ಮನೆಗೆ ಬಂದ ಮೇಲೆ ರಿಮೋಟು ಮಕ್ಕಳ ಕೈಗೆ ಹೋಗಿ 18ಕ್ಕೆ ಇಳಿಯುವುದನ್ನು ಯಾವ ನಿಯಮವೂ ತಡೆಯದು.

ತೆರಿಗೆಯ ತಕ್ಕಡಿ

ಗ್ರಾಹಕ ತಪ್ಪು ಕ್ರಮದಲ್ಲಿ ಕೊಳ್ಳುವುದಕ್ಕೆ ಅವನ ಅಜ್ಞಾನವೊಂದೇ ಕಾರಣವಲ್ಲ, ತೆರಿಗೆಯ ದರಗಳೂ ಅದೇ ದಿಕ್ಕಿಗೆ ಅವನನ್ನು ನೂಕುತ್ತಿವೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಹವಾನಿಯಂತ್ರಕಕ್ಕೆ ಶೇ. 28, ಸಿಮೆಂಟಿಗೆ ಶೇ. 28, ಛಾವಣಿಯ ಹೆಂಚಿಗೆ ಶೇ. 5. ಈ ಅಂತರದಲ್ಲಿ ಒಂದು ನೀತಿ ಇತ್ತು. 2022ರ ಏಪ್ರಿಲ್ 1ರಿಂದ ಇಟ್ಟಿಗೆ ಮತ್ತು ಹೆಂಚಿಗೆ ಹೊಸ ವ್ಯವಸ್ಥೆ ಬಂತು: ಹೂಡುವಳಿ ತೆರಿಗೆಯ ಜಮೆ ಬೇಕಾದರೆ ಶೇ. 12, ಬೇಡವಾದರೆ ಶೇ. 6. ಜೊತೆಗೆ ನೋಂದಣಿಗೆ ಇದ್ದ ವಾರ್ಷಿಕ ವಹಿವಾಟಿನ ಮಿತಿಯನ್ನು ಈ ತಯಾರಕರಿಗೆ 40 ಲಕ್ಷದಿಂದ 20 ಲಕ್ಷ ರೂ.ಗೆ ಇಳಿಸಲಾಯಿತು. 2025ರ ಸೆಪ್ಟೆಂಬರ್ 22ರಿಂದ ದರಗಳನ್ನು ಸರಳಗೊಳಿಸಿದಾಗ ಎ.ಸಿ. ಮತ್ತು ಸಿಮೆಂಟ್ ಎರಡೂ 28ರಿಂದ 18ಕ್ಕೆ ಇಳಿದವು. ಹೆಂಚಿನ ದರ ಇದ್ದಲ್ಲಿಯೇ ಉಳಿಯಿತು. ಫ್ಯಾನಿನ ದರ ಮೊದಲಿನಂತೆ ಶೇ. 18.

ತೆರಿಗೆ ಬಿಟ್ಟು 30,000 ರೂ. ಬೆಲೆಯ ಎ.ಸಿ.ಗೆ ಹಿಂದೆ 8,400 ರೂ. ತೆರಿಗೆ ಬೀಳುತ್ತಿತ್ತು, ಈಗ 5,400. ಉಳಿದ 3,000 ರೂಪಾಯಿಯಲ್ಲಿ ಒಂದು ಬಿಎಲ್‌ಡಿಸಿ ಫ್ಯಾನು ಬರುತ್ತದೆ. 30 ವ್ಯಾಟ್ಟಿನ ಆ ಫ್ಯಾನೂ 1,500 ವ್ಯಾಟ್ಟಿನ ಯಂತ್ರವೂ ಇಂದು ಒಂದೇ ದರದ ಸಾಲಿನಲ್ಲಿ ನಿಂತಿವೆ. ಎಂಟು ವರ್ಷಗಳಲ್ಲಿ ತಂಪು ಯಂತ್ರ ಮತ್ತು ಹೆಂಚಿನ ನಡುವಿನ ತೆರಿಗೆಯ ಅಂತರ 23 ಅಂಶಗಳಿಂದ 6ಕ್ಕೆ ಕುಗ್ಗಿದೆ. ಎ.ಸಿ. ಅಗ್ಗವಾದುದಕ್ಕೆ ಯಾರ ತಕರಾರೂ ಇರಬೇಕಾಗಿಲ್ಲ. ಮಣ್ಣು, ಸೌದೆ ಎರಡರ ಅಭಾವದಿಂದ ಒಂದೊಂದಾಗಿ ಬಾಗಿಲು ಹಾಕುತ್ತಿರುವ ಉದ್ಯಮದ ಹೊರೆಯನ್ನು ಅದೇ ವರ್ಷಗಳಲ್ಲಿ ಹೆಚ್ಚಿಸಿದ್ದು ಮಾತ್ರ ವಿವೇಚನೆಯಿಲ್ಲದ ಕ್ರಮ. ಹೆಂಚಿಗೆ ತೆರಿಗೆ ಜಮೆಯ ಸಹಿತ ಶೇ. 5, ನಾಲ್ಕು–ಐದು ನಕ್ಷತ್ರದ ಫ್ಯಾನುಗಳಿಗೂ ಶೇ. 5 ಎಂಬ ಬೇಡಿಕೆಯನ್ನು ಜಿಎಸ್‌ಟಿ ಮಂಡಳಿಯ ಮುಂದೆ ರಾಜ್ಯದ ಪ್ರತಿನಿಧಿಯ ಮೂಲಕ ಇಡುವುದು ಕರಾವಳಿಯ ವಾಣಿಜ್ಯ ಸಂಸ್ಥೆಗಳ ಕೆಲಸ. ಉಳಿದ ಜಿಲ್ಲೆಗಳಿಗೆ ಹೆಂಚಿನ ಚಿಂತೆ ಇರಲಾರದು.

ಮುರಕಲ್ಲಿನ ಕಥೆಯೂ ಬೇರೆಯಲ್ಲ. 2025ರಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲಿನ ಗಣಿ ಪರವಾನಗಿಯ ತೊಡಕಿನಿಂದ ಪೂರೈಕೆ ನಿಂತು ಕಟ್ಟಡ ಕೆಲಸವೇ ಸ್ಥಗಿತವಾದುದನ್ನು ಗುತ್ತಿಗೆದಾರರು ಮರೆತಿಲ್ಲ. ಕಲ್ಲು ಸಿಗದಿದ್ದಾಗ ಜನ ತೆಳು ಸಿಮೆಂಟ್ ಬ್ಲಾಕಿಗೆ ಹೋಗುತ್ತಾರೆ, ಪಶ್ಚಿಮದ ಗೋಡೆ ಕಾಯುತ್ತದೆ, ಯಂತ್ರ ಬೇಕಾಗುತ್ತದೆ.

ಕಾನೂನಿನ ಆಸರೆಯೂ ಇಲ್ಲಿಗೆ ತಲಪುವುದಿಲ್ಲ. ವಸತಿ ಕಟ್ಟಡಗಳಿಗೆಂದು ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ಇಕೋ ನಿವಾಸ ಸಂಹಿತೆಯು ಛಾವಣಿಯ ಮೂಲಕ ಶಾಖ ದಾಟುವ ಪ್ರಮಾಣಕ್ಕೆ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 1.2 ವ್ಯಾಟ್ ಎಂಬ ಮಿತಿ ಹಾಕಿತು. ಬರಿಯ ಆರ್‌ಸಿಸಿ ತಾರಸಿಯಲ್ಲಿ ಅದರ ಎರಡು ಮೂರು ಪಟ್ಟು ಶಾಖ ಇಳಿಯುತ್ತದೆ. ಆದರೆ ಆ ಸಂಹಿತೆ ರೂಪಿಸಿದ್ದು 500 ಚದರ ಮೀಟರ್ ಹಾಗೂ ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ಕರಾವಳಿಯ ಲೆಕ್ಕದಲ್ಲಿ ಅದು ಹನ್ನೆರಡು ಸೆಂಟ್ಸಿಗೂ ಹೆಚ್ಚು. ಐದು, ಹತ್ತು ಸೆಂಟ್ಸಿನಲ್ಲಿ ಮನೆ ಕಟ್ಟುವವನಿಗೆ ಗ್ರಾಮ ಪಂಚಾಯತಿನ ಪರವಾನಗಿಯಲ್ಲಿ ಛಾವಣಿಯ ಕಾವಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಆದಾಯ ತೆರಿಗೆಯಲ್ಲಿಯೂ ಪ್ರೋತ್ಸಾಹವಿಲ್ಲ: ಬಾಡಿಗೆ ಮನೆಯ ಮಾಲೀಕನಿಗೆ ದುರಸ್ತಿ ಮಾಡಲಿ ಬಿಡಲಿ ಶೇ. 30ರ ಕಡಿತ ತಾನಾಗಿ ಸಿಗುತ್ತದೆ. ತಾರಸಿಗೆ ನೆರಳು ಮಾಡುವ ಖರ್ಚು ಮಾಲೀಕನದು, ಕರೆಂಟ್ ಬಿಲ್ಲು ಬಾಡಿಗೆದಾರನದು, ಮಾಡುವವರು ಯಾರು?

ಮುಚ್ಚಿದ ಕೋಣೆಯ ಗಾಳಿ

ಗೋಡೆಗೆ ತೂಗುಹಾಕುವ ಎ.ಸಿ. ಹೊರಗಿನ ತಾಜಾ ಗಾಳಿಯನ್ನು ಒಳಗೆ ತರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಗೋಡೆಯ ತೂತಿನಿಂದ ಹೋಗುವ ಕೊಳವೆಗಳಲ್ಲಿ ಇರುವುದು ಅನಿಲ ಮತ್ತು ನೀರು, ಗಾಳಿಯಲ್ಲ. ಕೋಣೆಯ ಗಾಳಿಯನ್ನೇ ಅದು ಮತ್ತೆ ಮತ್ತೆ ತಣಿಸುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ದಶಲಕ್ಷಕ್ಕೆ ಸುಮಾರು 420 ಅಂಶ. ಇಬ್ಬರು ಮಲಗಿದ, ಬಾಗಿಲು ಕಿಟಕಿ ಬಿಗಿದ ಸಣ್ಣ ಕೋಣೆಯಲ್ಲಿ ಬೆಳಗಾಗುವುದರೊಳಗೆ ಅದು 2,000 ದಾಟುವುದು ಸಾಮಾನ್ಯ. ಎದ್ದಾಗಿನ ತಲೆಭಾರಕ್ಕೆ ಎ.ಸಿ.ಯ ತಂಪನ್ನು ದೂರುವವರು ಬಾಗಿಲ ಕೆಳಗೆ ತುರುಕಿದ ಬಟ್ಟೆಯನ್ನು ದೂರುವುದಿಲ್ಲ.

ಇದಕ್ಕಿಂತ ಗಂಭೀರವಾದುದು ಹೊಗೆ. ಕರಾವಳಿಯ ಮನೆಗಳಲ್ಲಿ ಮುಸ್ಸಂಜೆ ಕಿಟಕಿ ಮುಚ್ಚುವುದು ಸೊಳ್ಳೆಯ ಕಾರಣಕ್ಕೆ. ರಾತ್ರಿಯ ತಂಗಾಳಿ ಬೀಸತೊಡಗುವ ಹೊತ್ತಿಗೆ ಸರಿಯಾಗಿ ಮನೆ ಮುಚ್ಚಿಕೊಳ್ಳುತ್ತದೆ, ಒಳಗೆ ಸೊಳ್ಳೆಬತ್ತಿ ಹೊತ್ತಿಕೊಳ್ಳುತ್ತದೆ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಂಡುಕೊಂಡಿತು. ಪಿಎಂ 2.5 ಎನ್ನುವ ಈ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮಾತ್ರ. ತೆರೆದ ಹೆಂಚಿನ ಮನೆಯಲ್ಲಿ ಆ ಹೊಗೆ ಸಂದುಗಳಿಂದ ಮೇಲೆ ಹೋಗುತ್ತಿತ್ತು. ಬಿಗಿಯಾದ ಎ.ಸಿ. ಕೋಣೆಯಲ್ಲಿ ಅದಕ್ಕೆ ದಾರಿಯಿಲ್ಲ. ಮಗುವಿನ ಶ್ವಾಸಕೋಶವೇ ದಾರಿ. ಊದುಬತ್ತಿ, ಲೋಬಾನಗಳ ವಿಷಯದಲ್ಲಿಯೂ ಇದೇ ಮಾತು. ಎ.ಸಿ.ಯ ಜಾಲರಿ ಹಿಡಿಯುವುದು ದಪ್ಪ ಧೂಳನ್ನಷ್ಟೇ.

ಹೀಗಿರುವಾಗ ಈ ಊರಿನಲ್ಲಿ ಅತ್ಯಂತ ಲಾಭದಾಯಕವಾದ ತಂಪಿನ ಉಪಕರಣ ಯಾವುದೆಂದರೆ ಕಿಟಕಿಗೆ ಹೊಂದಿಸಿದ ಸೊಳ್ಳೆ ಜಾಲರಿ. ಅದರಿಂದ ರಾತ್ರಿಯಿಡೀ ಕಿಟಕಿ ತೆರೆದಿಡಬಹುದು. ಘಟ್ಟದ ಬುಡದ ಸಿದ್ದಾಪುರದಲ್ಲಿ ವರ್ಷದ ಬಹುಪಾಲು ರಾತ್ರಿಗಳಿಗೆ ಅಷ್ಟೇ ಸಾಕು. ಸೊಳ್ಳೆಬತ್ತಿಯ ಖರ್ಚು ಹೋಗುತ್ತದೆ, ಡೆಂಗಿಯ ಭಯ ಕಡಿಮೆಯಾಗುತ್ತದೆ, ಎ.ಸಿ. ನಡೆಯುವ ತಿಂಗಳುಗಳು ಎರಡಕ್ಕೆ ಇಳಿಯುತ್ತವೆ. ಅಲ್ಯೂಮಿನಿಯಂ ಕೆಲಸದವರಿಗೆ ಊರಿನಲ್ಲಿಯೇ ಕೆಲಸ.

ಮಳೆಗಾಲದ ಕೇಡು ಬೇರೆ ಬಗೆಯದು. ನಾಲ್ಕು ತಿಂಗಳು ಒಣಗದ ಗೋಡೆ, ಒಳಗೇ ಹರವಿದ ಬಟ್ಟೆ, ಕಪಾಟಿನ ಹಿಂದೆ ಬೆಳೆಯುವ ಬೂಷ್ಟು. ಉಬ್ಬಸದವರಿಗೆ ಬೂಷ್ಟು ಹೊಗೆಯಷ್ಟೇ ಕೆಟ್ಟದ್ದು. ಬಚ್ಚಲು, ಅಡುಗೆಮನೆಗಳಲ್ಲಿ ಹೊರಗೆ ತೆರೆಯುವ ಎಕ್ಸಾಸ್ಟ್ ಫ್ಯಾನು, ಗೋಡೆಯಿಂದ ನಾಲ್ಕು ಬೆರಳು ಸರಿಸಿಟ್ಟ ಕಪಾಟು, ಇವು ಸಣ್ಣ ಖರ್ಚಿನ ಕ್ರಮಗಳು. ಮಳೆಗಾಲ ಮುಗಿದ ಮೇಲೆ ತೊಳೆಯದೆಯೇ ಮಾರ್ಚಿನಲ್ಲಿ ಚಾಲೂ ಮಾಡಿದ ಎ.ಸಿ. ಆ ಬೂಷ್ಟನ್ನು ಕೋಣೆಯ ತುಂಬ ಹರಡುತ್ತದೆ.

ಬಚ್ಚಲ ಒಲೆಯ ಮಾತನ್ನೂ ಬಿಡುವಂತಿಲ್ಲ. ಅಡುಗೆಗೆ ಅನಿಲ ಬಂದರೂ ಸ್ನಾನದ ನೀರಿನ ಹಂಡೆಗೆ ಅಡಿಕೆಯ ಸೋಗೆ, ತೆಂಗಿನ ಸಿಪ್ಪೆ ಉರಿಯುತ್ತಲೇ ಇದೆ. ಮೋಡ ಕವಿದ ತಿಂಗಳುಗಳಲ್ಲಿ ಸೌರ ಹೀಟರು ಕೈಕೊಡುವ ಊರಿನಲ್ಲಿ ಅದನ್ನು ನಿಲ್ಲಿಸೆಂದು ಹೇಳುವುದು ವ್ಯವಹಾರಜ್ಞಾನವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆಯ ತತ್ವ ಸರಳವಾದದ್ದು: ಉರಿಗೆ ಬೇಕಾದಷ್ಟೇ ಗಾಳಿ, ಹೊಗೆಗೆ ಪ್ರತ್ಯೇಕ ಕೊಳವೆ. ಬಚ್ಚಲ ಒಲೆಗೂ ಆ ಕೊಳವೆ ಮಾಡಿನ ಮೇಲಕ್ಕೆ ಏರಬೇಕು.

ವರ್ತಕರ ಪಾಲು

ಇಷ್ಟೆಲ್ಲ ಹೇಳಿದ ಮೇಲೆ ಎ.ಸಿ. ಮಾರುವ ಅಂಗಡಿಯವನು ಏನು ಮಾಡಬೇಕು ಎಂಬ ಪ್ರಶ್ನೆ ಸಹಜ. ಮಾರಾಟ ಬಿಡಬೇಕಾಗಿಲ್ಲ. ಈ ವಸ್ತುವಿನಲ್ಲಿ ಆನ್‌ಲೈನ್ ಪೈಪೋಟಿಯಿಂದ ಲಾಭಾಂಶ ಹೇಗೂ ತೆಳುವಾಗಿದೆ. ಗ್ರಾಹಕ ಕೊಟ್ಟ ಹಣದ ದೊಡ್ಡ ಪಾಲು ಜಿಲ್ಲೆಯ ಹೊರಗೆ ಹೋಗುತ್ತದೆ. ಛಾವಣಿ, ಜಾಲರಿ, ಎಕ್ಸಾಸ್ಟ್, ವೈರಿಂಗ್, ವಾರ್ಷಿಕ ಸರ್ವೀಸು ಇವುಗಳ ಹಣ ಮಾತ್ರ ಸಿದ್ದಾಪುರ, ಶಂಕರನಾರಾಯಣ, ಹಾಲಾಡಿ, ಅಮಾಸೆಬೈಲುಗಳ ಕೆಲಸಗಾರರ ಕೈಯಲ್ಲಿ ತಿರುಗುತ್ತದೆ. ಕೋಣೆಯನ್ನು ನೋಡದೆ ಅಳತೆ ಹೇಳುವ ಪದ್ಧತಿ ನಿಲ್ಲಬೇಕು. ನೂರು, ನೂರಿಪ್ಪತ್ತು ಚದರ ಅಡಿಯ ಕೋಣೆಗೆ ಒಂದು ಟನ್ ಸಾಕು. ಒಂದೂವರೆ ಕೊಟ್ಟರೆ ಅದು ಬೇಗ ತಣಿಸಿ ನಿಂತುಬಿಡುತ್ತದೆ, ತೇವ ಹೊರತೆಗೆಯಲು ಸಮಯ ಸಿಗದೆ ಕೋಣೆ ಚಳಿಯೂ ಜಿಗುಟೂ ಆಗುತ್ತದೆ. ತಾರಸಿಗೆ ನೆರಳಿಲ್ಲದ ಕಾರಣಕ್ಕೆ ದೊಡ್ಡ ಯಂತ್ರ ಬೇಕೆನಿಸಿದರೆ ಆ ಮಾತನ್ನು ಗ್ರಾಹಕನಿಗೆ ಮೊದಲೇ ಹೇಳುವ ಅಂಗಡಿಗೆ ಅವನು ಮತ್ತೆ ಬರುತ್ತಾನೆ.

ಸಿಮೆಂಟ್ ಶೀಟಿನ ತಗ್ಗು ಮಾಡಿನ ಕೆಳಗೆ ಬದುಕುವ, ಎ.ಸಿ.ಯ ಯೋಚನೆಯನ್ನೇ ಮಾಡಲಾಗದ ಕುಟುಂಬಗಳು ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ನಿಜವಾದ ಸುಡುಬಿಸಿ ಇರುವುದು ಅಲ್ಲಿ. ಸರ್ಕಾರಿ ವಸತಿ ಯೋಜನೆಯ ಗ್ರಾಮೀಣ ಮನೆಗೆ 1.20 ಲಕ್ಷ ರೂ.ಗಳ ಮಟ್ಟದ ಸಹಾಯದಲ್ಲಿ ಛಾವಣಿಯ ಎತ್ತರ, ಅಟ್ಟ, ಗಾಳಿಕಿಂಡಿ ಎಲ್ಲವೂ ಮೊದಲು ಕತ್ತರಿಗೆ ಸಿಗುತ್ತವೆ. ಶೀಟಿನ ಕೆಳಗೆ ಬಿದಿರಿನ ತಟ್ಟಿಯ ಒಳಮಾಡು ಕಟ್ಟಿ, ತುದಿಗೋಡೆಯಲ್ಲಿ ಎರಡು ಕಿಂಡಿ ಬಿಟ್ಟರೆ ಒಳಗಿನ ಸುಡುವಿಕೆ ಬಹಳ ತಗ್ಗುತ್ತದೆ. ಬುಟ್ಟಿ ಹೆಣೆಯುವ ಕೊರಗ ಕುಟುಂಬಗಳು ಇದೇ ತಾಲೂಕಿನಲ್ಲಿವೆ. ಪಂಚಾಯತುಗಳು ತಟ್ಟಿಗೆ ನಿಗದಿತ ದರ ಕಟ್ಟಿ ಖರೀದಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಹೊಸದಾಗಿ ತಾರಸಿ ಹಾಕುವವರಿಗೆ ಲಾರಿ ಬೇಕರ್ ಪ್ರಚಾರಕ್ಕೆ ತಂದ ಫಿಲ್ಲರ್ ಸ್ಲ್ಯಾಬ್ ಇದೆ. ಕಾಂಕ್ರೀಟಿನ ಕೆಳಭಾಗದಲ್ಲಿ ಮಂಗಳೂರು ಹೆಂಚುಗಳನ್ನು ಸೇರಿಸಿ ಎರಕ ಹಾಕುವ ಈ ವಿಧಾನದಲ್ಲಿ ಸಿಮೆಂಟ್, ಕಬ್ಬಿಣ ಉಳಿಯುತ್ತವೆ, ಕಾವೂ ಕಡಿಮೆ ಇಳಿಯುತ್ತದೆ. ಮನೆ ಕೆಡವಿದಾಗ ಸಿಗುವ ಹಳೆಯ ಹೆಂಚುಗಳೇ ಇದಕ್ಕೆ ಸಾಕು.

ಉಳಿದಿರುವುದು ಸಾಲದ ವಿಷಯ. ಎ.ಸಿ.ಗೆ ಅಂಗಡಿಯ ಮೇಜಿನ ಮೇಲೆಯೇ ಹತ್ತು ನಿಮಿಷದಲ್ಲಿ ಕಂತಿನ ಸಾಲ ಮಂಜೂರಾಗುತ್ತದೆ. ತಾರಸಿಯ ಮೇಲಿನ ಮಾಡಿಗೆ ಅಷ್ಟೇ ಮೊತ್ತದ ಸಾಲ ಕೇಳಿದರೆ ಅಂದಾಜುಪಟ್ಟಿ, ಪಂಚಾಯತಿನ ಪತ್ರ, ಜಾಮೀನು, ಆರ್‌ಟಿಸಿ ಎಂದು ಎರಡು ತಿಂಗಳು ಓಡಾಟ. ಒಂದು ಲಕ್ಷದೊಳಗಿನ ಛಾವಣಿ ಸಾಲವನ್ನು ಸದಸ್ಯರ ವೈಯಕ್ತಿಕ ಜಾಮೀನಿನ ಮೇಲೆ ವಾರದೊಳಗೆ ಕೊಡುವ ಉಪನಿಯಮವನ್ನು ಈ ಭಾಗದ ಕೃಷಿ ಪತ್ತಿನ ಸಹಕಾರಿ ಸಂಘಗಳು ಮುಂದಿನ ಮಹಾಸಭೆಯಲ್ಲಿಯೇ ತರಬಹುದು. ಅಡಿಕೆ ಮಾರಾಟದ ಹಣ ಕೈಗೆ ಬರುವ ಜನವರಿ–ಫೆಬ್ರವರಿಯಲ್ಲಿ ಸಾಲ ಸಿಕ್ಕರೆ ಮಾರ್ಚಿನೊಳಗೆ ಮಾಡು ಏರುತ್ತದೆ. ಏಪ್ರಿಲ್ ದಾಟಿದರೆ ವೆಲ್ಡಿಂಗಿನವರು ಸಿಗುವುದಿಲ್ಲ, ಜೂನ್ ಮೊದಲ ವಾರಕ್ಕೆ ಮಳೆ.